ಕೈ ಎತ್ತಿದ ಕಾರು

ತೊಂದರೆಗೆಲ್ಲ ಮೂಲ ಹೆಬ್ಬೆರಳಿನಷ್ಟು ದಪ್ಪದ ಒಂದು ವಾಲ್ವು. ಆ ಶನಿವಾರ ಬೆಳಿಗ್ಗೆ ಬಾಲಿಕೋವ ಮೇಷ್ಟ್ರಿಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ: ಸಂಜೆ ಪಕ್ಕದ ಊರು ಇಗಾಂಗದಿಂದ ಒಬ್ಬ ಗಿರಾಕಿ ಬರುತ್ತಾನೆ, ಕಾರು ನೋಡುತ್ತಾನೆ, ಒಪ್ಪಿದರೆ ಆಗಲೇ ಓಡಿಸಿಕೊಂಡು ಹೋಗುತ್ತಾನೆ. ಒಪ್ಪದಿದ್ದರೆ ಹೆಂಡತಿ ಕಗೋಯ ತವರಿಗೆ ಹೋಗುತ್ತಾಳೆ.

"ಈ ಅಂಗಳದಲ್ಲಿ ಒಂದೋ ಆ ಡಬ್ಬ ಇರ್ಬೇಕು, ಇಲ್ಲಾ ನನ್ನ ಹೊಲಿಗೆ ಶೆಡ್ಡು ಇರ್ಬೇಕು. ಯಾವ್ದು ಅಂತ ನೀವೇ ಹೇಳ್ಬಿಡಿ," ಎಂದು ವರ್ಷಗಳಿಂದ ಕೇಳುತ್ತಲೇ ಬಂದವಳು ಈ ವಾರ ಮಾತು ಬಿಟ್ಟು ಸೂಟ್‌ಕೇಸನ್ನೇ ತಂದು ಬಾಗಿಲ ಬಳಿ ಇಟ್ಟಿದ್ದಳು.

ಕಾರು ಹಡಗಿನಿಂದ ಮೊಂಬಾಸಾದಲ್ಲಿ ಇಳಿದಾಗಲೇ ಮುದುಕಿ. ಜಿಂಜಾದ ವಾಲುಕುಬಾ ಬಡಾವಣೆಗೆ ಬಂದಮೇಲಂತೂ ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು. ಆದರೂ ಭೂಗೋಳ ಪಾಠ ಮಾಡುವವನಿಗೂ ಸ್ವಂತ ಕಾರಿದೆ ಎಂಬ ಹೆಮ್ಮೆಯಿಂದ ಮೇಷ್ಟ್ರು ಅದನ್ನು ಸಾಕಿಕೊಂಡು ಬಂದಿದ್ದರು. ಈಗ ಹೆಮ್ಮೆಯೋ ಹೆಂಡತಿಯೋ ಎಂಬ ಪ್ರಶ್ನೆ ಬಂದಾಗ, ಅನ್ನ ಬೇಯಿಸುವುದು ಯಾರು ಎಂದು ಯೋಚಿಸಿ, ಹೆಮ್ಮೆಯನ್ನು ಮಾರಲು ಒಪ್ಪಿದ್ದರು.

ಕಾರಿಗೆ ಸೋಪು ಹಚ್ಚಿ ತೊಳೆದು, ಬಿಳಿ ಶರ್ಟು ಹಾಕಿಕೊಂಡು, ಬಾನೆಟ್ ಎತ್ತಿ ಸ್ಟಾರ್ಟ್ ಮಾಡಿದರು. ಎಂಜಿನ್ ಕೆಮ್ಮಿತು, ನಡುಗಿತು, ಆಮೇಲೆ ಫುಟ್‌ಬಾಲ್ ರೆಫರಿಯ ಹಾಗೆ ಸೀಟಿ ಊದತೊಡಗಿತು. ಏನಪ್ಪಾ ಇದು ಎಂದು ಮೇಷ್ಟ್ರು ಬಗ್ಗಿ ನೋಡುತ್ತಿದ್ದ ಹಾಗೇ ಆಯಿಲ್ ಅಳೆಯುವ ಕಡ್ಡಿ ಟಪ್ಪೆಂದು ನೆಗೆದು ಅವರ ಕಿವಿಯ ಪಕ್ಕದಲ್ಲೇ ಹಾರಿಹೋಯಿತು. ಬಿಳಿ ಶರ್ಟಿನ ಮೇಲೆ ಆಫ್ರಿಕಾದ ನಕ್ಷೆಯಷ್ಟು ದೊಡ್ಡ ಆಯಿಲ್ ಕಲೆ ಮೂಡಿತು.

ಸೀಟಿ ಕೇಳಿದರೆ ವಾಲುಕುಬಾದಲ್ಲಿ ಯಾರು ತಾನೇ ಮನೆಯೊಳಗೆ ಕೂತಿರುತ್ತಾರೆ? ಕಸದ ಗುಡ್ಡೆಗೆ ಮರಬೂ ಕೊಕ್ಕರೆಗಳು ಇಳಿದ ಹಾಗೆ ಜನ ಒಬ್ಬೊಬ್ಬರೇ ಬಂದು, ಕತ್ತು ಚಾಚಿ, ಸುತ್ತ ನಿಂತರು.

ಮೊದಲು ಬಾಯಿ ಬಿಟ್ಟವರು ಎದುರುಮನೆಯ ಒಗುಟ್ಟು ಅಜ್ಜ. ರೈಲ್ವೆಯಿಂದ ನಿವೃತ್ತರಾದವರು.

"ಎಂಜಿನ್ ಸತ್ತೋಯ್ತು ಮೇಷ್ಟ್ರೇ. ಮಣ್ಣು ಮಾಡಿ. ರೈಲ್ವೇಲಿ ಇಂಥವು ಎಷ್ಟು ನೋಡಿಲ್ಲ ನಾನು!"

"ರೈಲ್ವೇಲಿ ನೀವು ಟಿಕೆಟ್ ಕೊಡ್ತಿದ್ರಲ್ವಾ ಅಜ್ಜಾ?" ಎಂದರು ಮೇಷ್ಟ್ರು.

"ಹೌದಪ್ಪಾ, ಕೊಡ್ತಿದ್ದೆ. ಎಂಜಿನ್ ಸರಿಯಿಲ್ದೆ ರೈಲು ನಿಂತಾಗ ದುಡ್ಡು ವಾಪಸ್ ಕೊಡಿ ಅಂತ ಜನ ಬಂದು ಬೈತಿದ್ದದ್ದು ಯಾರನ್ನ? ನನ್ನನ್ನೇ ತಾನೇ? ಎಂಜಿನ್ ವಿಷಯ ನಂಗಿಂತ ಯಾರಿಗೆ ಗೊತ್ತು?"

ಅಷ್ಟರಲ್ಲಿ ಮೆಕ್ಯಾನಿಕ್ ವಕಾಬಿ ಕರೆಯದೆಯೇ ಬಂದು, ಕಾರಿನ ಕಡೆ ನೋಡುವ ಮೊದಲೇ, "ಎಂಜಿನ್ ಇಳಿಸ್ಬೇಕು," ಎಂದ. ಟೈರ್ ಪಂಚರ್ ಆದರೂ, ಹಾರ್ನ್ ಕೂಗದಿದ್ದರೂ ಅವನು ಹೇಳುವ ಮದ್ದು ಅದೊಂದೇ. ಅವನ ಶೆಡ್ಡಿನಲ್ಲಿ ಇಳಿಸಿಟ್ಟ ಎಂಜಿನ್‌ಗಳು ಸಾಲಾಗಿ ಮಲಗಿದ್ದವು. ಮತ್ತೆ ಏರಿದ್ದನ್ನು ಕಂಡವರಿಲ್ಲ.

"ಇಳಿಸೋದೂ ಬೇಡ, ಹತ್ತಿಸೋದೂ ಬೇಡ," ಎಂದು ಗುಂಪನ್ನು ಸೀಳಿಕೊಂಡು ಬಂದರು ಪಾಸ್ಟರ್ ಎಲ್ಕಾನ. ಮೇಷ್ಟ್ರ ಬೇಲಿಗೆ ಹೊಂದಿಕೊಂಡ ತಗಡಿನ ಚರ್ಚು ಅವರದು. ರಸ್ತೆಯಾಚೆ ದೊಡ್ಡ ಸ್ಪೀಕರ್ ಇಟ್ಟ ಹೊಸ ಚರ್ಚು ತೆರೆದಾಗಿನಿಂದ ಇಲ್ಲಿ ಬೆಂಚುಗಳೇ ಪ್ರಸಂಗ ಕೇಳುತ್ತಿದ್ದವು. ಪಾಸ್ಟರು ಕಣ್ಣು ಮುಚ್ಚಿ ಸೀಟಿಯನ್ನು ಆಲಿಸಿ, ತಲೆಯಾಡಿಸಿದರು. "ಇದು ಎಂಜಿನ್ ಶಬ್ದ ಅಲ್ಲ. ಒಳಗೆ ದೆವ್ವ ಕೂತಿದೆ."

ಬಿಡಿಸುತ್ತೇನೆಂದು ಎಂಜಿನ್ ಮೇಲೆ ಕೈಯಿಟ್ಟವರು, ಅಷ್ಟೇ ಬೇಗ ತೆಗೆದುಕೊಂಡು, "ಭಾರಿ ದೆವ್ವ," ಎಂದು ಬೆರಳು ಊದಿಕೊಂಡರು.

ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಕಾರು ಕೆಟ್ಟಾಗಲೆಲ್ಲ ಅವರು ಮೊಬೈಲಿನಲ್ಲಿ ಒಬ್ಬ ದಪ್ಪ ಮನುಷ್ಯ ರಿಪೇರಿ ಹೇಳಿಕೊಡುವ ವಿಡಿಯೋ ನೋಡುತ್ತಿದ್ದರು. ಅವನು ಹೇಳಿದ್ದು ಈಗ ನೆನಪಾಯಿತು. ತರಗತಿಯಲ್ಲಿ ನಿಂತವರಂತೆ ಗಂಟಲು ಸರಿಮಾಡಿಕೊಂಡರು.

"ನೋಡಿ, ದೆವ್ವಾನೂ ಇಲ್ಲ, ಸಾವೂ ಇಲ್ಲ. ಎಂಜಿನ್ನೂ ನಮ್ಮ ಹಾಗೇ ಉಸಿರಾಡುತ್ತೆ. ಅದರ ಹೊಟ್ಟೇಲಿ ಹೊಗೆ, ಆವಿ ತುಂಬ್ಕೊಳ್ಳುತ್ತಲ್ಲ, ಅದು ಹೊರಗೆ ಹೋಗೋಕೆ ಒಂದು ಪೈಪು, ಪೈಪಿಗೊಂದು ವಾಲ್ವು ಇರುತ್ತೆ. ಅದು ಕಟ್ಕೊಂಡ್ರೆ ಗಾಳಿ ಒಳಗೇ ಉಬ್ಬಿ, ಸಿಕ್ಕ ಸಂದಿಯಿಂದೆಲ್ಲ ಆಯಿಲ್ ಉಗುಳುತ್ತೆ, ಸೀಟಿ ಹೊಡೆಯುತ್ತೆ. ಇದಕ್ಕೆ ಮೂಗು ಕಟ್ಟಿದೆ, ಅಷ್ಟೇ."

"ಹಾಗಾದ್ರೆ ಶೀತಕ್ಕೆ ಶುಂಠಿ ಕಷಾಯ ಹಾಕಿ," ಎಂದಳು ಚಪಾತಿ ಮಾರುವವಳು. ಎಲ್ಲರೂ ನಕ್ಕರು.

ಮೇಷ್ಟ್ರಿಗೆ ರೋಷ ಬಂತು. "ಈಗಲೇ ತೋರಿಸ್ತೀನಿ, ಇರಿ!" ಎಂದು ಒಳಗೆ ಓಡಿ, ಬಟ್ಟೆಗೆ ಬಣ್ಣ ಹಾಕುವಾಗ ಕಗೋಯ ತೊಡುವ ತೆಳು ರಬ್ಬರ್ ಕೈಗವಸೊಂದನ್ನು ತಂದರು. ಎಂಜಿನ್ ಆರಿಸಿ, ಹಾರಿಬಿದ್ದಿದ್ದ ಕಡ್ಡಿಯನ್ನು ಮತ್ತೆ ಸಿಕ್ಕಿಸಿ, ಆಯಿಲ್ ಸುರಿಯುವ ಬಾಯಿಯ ಮುಚ್ಚಳ ತೆಗೆದು, ಅದರ ಮೇಲೆ ಕೈಗವಸನ್ನು ತೊಡಿಸಿ, ದಾರ ಕಟ್ಟಿದರು. "ಇದು ಒಳಕ್ಕೆ ಎಳ್ಕೊಂಡ್ರೆ ಎಲ್ಲಾ ಸರಿಯಿದೆ ಅಂತ. ಉಬ್ಬಿದ್ರೆ ದಾರಿ ಕಟ್ಟಿದೆ ಅಂತ," ಎಂದು ಮತ್ತೆ ಸ್ಟಾರ್ಟ್ ಮಾಡಿದರು.

ಜೋತುಬಿದ್ದಿದ್ದ ಕೈಗವಸು ಮೊದಲು ಅಲ್ಲಾಡಿತು. ಹೆಬ್ಬೆರಳು ಎದ್ದಿತು. ಆಮೇಲೆ ಕಿರುಬೆರಳು. ನೋಡನೋಡುತ್ತಿದ್ದಂತೆ ಐದೂ ಬೆರಳು ಸೆಟೆದು, ನಸುಗೆಂಪು ಬಣ್ಣದ ಪುಷ್ಟವಾದ ಕೈಯೊಂದು ಎಂಜಿನ್ನಿನೊಳಗಿಂದ ಆಕಾಶಕ್ಕೆ ಎದ್ದು ನಿಂತು, ಎಂಜಿನ್ ನಡುಗಿದ ತಾಳಕ್ಕೆ ಮೆಲ್ಲಗೆ ಬೀಸತೊಡಗಿತು.

"ಕಂಡಿರಾ! ನಾನು ಹೇಳಿದ್ದೇ ಸರಿ!" ಎಂದು ಮೇಷ್ಟ್ರು ಕುಣಿದರು.

ಅವರ ಮಾತು ಯಾರ ಕಿವಿಗೂ ಬೀಳಲಿಲ್ಲ. ಎಲ್ಲರ ಕಣ್ಣೂ ಆ ಕೈಯ ಮೇಲಿತ್ತು. ಪಾಸ್ಟರ್ ಎಲ್ಕಾನ ಒಮ್ಮೆ ಕೈಯನ್ನು ನೋಡಿದರು, ಒಮ್ಮೆ ಜನರನ್ನು ನೋಡಿದರು. ವರ್ಷದಿಂದ ಇಷ್ಟು ಜನ ಒಟ್ಟಿಗೆ ಅವರ ಕಣ್ಣಿಗೆ ಬಿದ್ದಿರಲಿಲ್ಲ.

"ಹಲ್ಲೆಲೂಯಾ!" ಎಂದು ಅಬ್ಬರಿಸಿದರು. "ದೆವ್ವ ಓಡಿಹೋಯ್ತು! ನಾನು ಮುಟ್ಟಿದ ಜಾಗದಲ್ಲೇ ನೋಡಿ, ಕಬ್ಬಿಣ ಕೈಯೆತ್ತಿ ದೇವರನ್ನ ಸ್ತುತಿಸ್ತಾ ಇದೆ!"

"ಹಲ್ಲೆಲೂಯಾ!" ಎಂದಿತು ಗುಂಪು.

"ಅಯ್ಯೋ, ಅದು ಗಾಳಿ ಕಣ್ರೀ, ಬರೀ ಗಾಳಿ..."

"ಪವಿತ್ರಾತ್ಮವೂ ಗಾಳಿಯ ಹಾಗೇ ಬಂದದ್ದು ಮೇಷ್ಟ್ರೇ," ಎಂದು ಪಾಸ್ಟರು ಅವರ ಹೆಗಲು ತಟ್ಟಿದರು. ಸುತ್ತಲಿನ ಹೆಂಗಸರು ಆಗಲೇ ಹಾಡು ಹಿಡಿದಿದ್ದರು. ವಕಾಬಿ ಟೋಪಿ ತೆಗೆದು ನಿಂತಿದ್ದ. ಎಂಜಿನ್ ಇಳಿಸುವ ಮಾತು ಮತ್ತೆ ಎತ್ತಲಿಲ್ಲ.

ಮೈಕು, ಕೀಬೋರ್ಡು ತರಲು ಪಾಸ್ಟರು ಓಡಿದರು. ಸುದ್ದಿ ಹಂಚಲು ಜನ ಓಡಿದರು. ಅಂಗಳ ಖಾಲಿಯಾದದ್ದೇ ತಡ, ಮೇಷ್ಟ್ರು ಎಂಜಿನ್ ಆರಿಸಿ, ಕೈಗವಸು ಬಿಚ್ಚಿ, ಸ್ಪ್ಯಾನರ್ ಹಿಡಿದರು. ಪೈಪು ಬಿಚ್ಚಿ ವಾಲ್ವು ಹೊರತೆಗೆದರೆ, ಒಳಗೆ ಸುಟ್ಟ ಬೆಲ್ಲದ ಪಾಕದಂಥ ಕಪ್ಪು ಅಂಟು. ಬಟ್ಟಲಿನಲ್ಲಿ ಪೆಟ್ರೋಲು ಹಾಕಿ ಉಜ್ಜಿ ಉಜ್ಜಿ ತೊಳೆದರು. ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ಟಿಕ್ ಟಿಕ್ ಎಂದಿತು. ಮರಳಿ ಜೋಡಿಸಿ ಸ್ಟಾರ್ಟ್ ಮಾಡಿದಾಗ ಸೀಟಿಯಿಲ್ಲ, ಉಗುಳಿಲ್ಲ. ಹಾಲು ಕುಡಿದು ಮಲಗಿದ ಬೆಕ್ಕಿನಂತೆ ಎಂಜಿನ್ ಗುರುಗುಟ್ಟಿತು. ಜೀವನದಲ್ಲಿ ಮೊದಲ ಸಲ ತಾನು ಹೇಳಿದ್ದು ತರಗತಿಯ ಹೊರಗೂ ನಿಜವಾಯಿತಲ್ಲ ಎಂದು ಮೇಷ್ಟ್ರಿಗೆ ಕಣ್ಣು ತುಂಬಿ ಬಂತು.

ಅದೃಷ್ಟವೂ ಕೂಡಿಬಂತು. ಕಗೋಯ ಜೋಳದ ಹಿಟ್ಟಿನ ಮುದ್ದೆ, ಹುರುಳಿಕಾಯಿ ಪಲ್ಯ ಬಡಿಸಿದ ತಟ್ಟೆಯನ್ನು ಅಂಗಳಕ್ಕೇ ತಂದುಕೊಟ್ಟ ಹೊತ್ತಿಗೆ, ಸಂಜೆ ಬರಬೇಕಾದ ಗಿರಾಕಿ ಮುಲೊಂಡೊ ಮಧ್ಯಾಹ್ನವೇ ಬಂದಿಳಿದ. ಬಾನೆಟ್ಟಿಗೆ ಕಿವಿಯಿಟ್ಟು ಕೇಳಿ ಹಿಗ್ಗಿದ.

"ಇಷ್ಟು ವಯಸ್ಸಿಗೂ ಏನು ಮೆತ್ತಗೆ ಓಡುತ್ತೆ ಮೇಷ್ಟ್ರೇ! ಬೀಗದಕೈ ಕೊಡಿ, ಈಗಲೇ ತಗೊಂಡು ಹೋಗ್ತೀನಿ."

ಮೇಷ್ಟ್ರು ಬೀಗದಕೈ ಕೊಟ್ಟರು. ಕಗೋಯ ಸೂಟ್‌ಕೇಸನ್ನು ಒಳಕ್ಕೆ ಎಳೆದಳು. ಮುಲೊಂಡೊ ಇನ್ನೇನು ಕಾರು ಹತ್ತಬೇಕು, ಗೇಟಿನ ಹತ್ತಿರ ಸಿಡಿಲಿನಂತೆ ಮೈಕು ಗುಡುಗಿತು.

"ನಿಲ್ಲಿ! ದೇವರ ಕೈಯನ್ನ ಎಲ್ಲಿಗೆ ಸಾಗಿಸ್ತಾ ಇದೀರಿ?"

ಪಾಸ್ಟರ ಹಿಂದೆ ರಸ್ತೆ ತುಂಬ ಜನ. ಎದುರು ಚರ್ಚಿನ ಭಕ್ತರೂ ಸ್ಪೀಕರ್ ಸಮೇತ ಬಂದುಬಿಟ್ಟಿದ್ದರು. ಮೇಷ್ಟ್ರು ಏನೆಂದರೂ ಕೇಳದೆ ಯಾರೋ ಕೈಗವಸನ್ನು ಮತ್ತೆ ಕಟ್ಟಿದರು, ಯಾರೋ ಎಂಜಿನ್ ಓಡಿಸಿದರು.

ಕೈಗವಸು ಒಮ್ಮೆ ನಡುಗಿತು. ಆಮೇಲೆ ಬೆರಳುಗಳು ಒಂದೊಂದಾಗಿ ಮಡಚಿಕೊಂಡು, ಸುರುಕ್ಕೆಂದು ಒಳಕ್ಕೆ ಹೋಗಿಬಿಟ್ಟವು.

"ಕೈ ಹಿಂತೆಗೆದುಕೊಂಡ!" ಎಂದು ಚೀರಿದಳು ಚಪಾತಿಯವಳು. "ದೇವರು ವಾಲುಕುಬಾದಿಂದ ಕೈ ಹಿಂತೆಗೆದುಕೊಂಡ!"

"ನಾನು ಕಿಟಕಿಯಿಂದ ನೋಡ್ದೆ," ಎಂದು ಒಗುಟ್ಟು ಅಜ್ಜ ಮುಂದೆ ಬಂದರು. "ಮೇಷ್ಟ್ರು ಏನನ್ನೋ ಕಿತ್ತು ಪೆಟ್ರೋಲಲ್ಲಿ ತೊಳೀತಾ ಇದ್ರು."

"ಪವಾಡಾನ ಪೆಟ್ರೋಲಲ್ಲಿ ತೊಳೆದ್ರಾ?"

ಗುಂಪು ಒಂದು ಹೆಜ್ಜೆ ಮುಂದೆ ಬಂತು. ಅದರಲ್ಲಿ ಮೇಷ್ಟ್ರ ಕೈಯಲ್ಲಿ ಭೂಗೋಳದಲ್ಲಿ ಫೇಲಾದವರೇ ಬಹಳ ಜನ ಇದ್ದರು. ಹಳೆಯ ಲೆಕ್ಕ ತೀರಿಸಲು ಅವರಿಗೆ ಇದಕ್ಕಿಂತ ಪುಣ್ಯದ ದಿನ ಸಿಗುವಂತಿರಲಿಲ್ಲ. ಮೇಷ್ಟ್ರ ಕಣ್ಣು ಅಂಗಳದಲ್ಲಿದ್ದ ಊಟದ ತಟ್ಟೆಯ ಮೇಲೆ ಬಿತ್ತು. ತಲೆ ಓಡಿತು.

"ನಂದು ತಪ್ಪಾಯ್ತು! ನಾನೇ ಪ್ರಾರ್ಥನೆ ಮಾಡಿ ಕೈನ ವಾಪಸ್ ಕರೀತೀನಿ. ಎಲ್ಲಾರೂ ಕಣ್ಮುಚ್ಚಿ. ಪಾಸ್ಟರೇ, ನೀವೂನೂ!"

ಎಲ್ಲರೂ ಕಣ್ಣು ಮುಚ್ಚಿದರು. ಮೇಷ್ಟ್ರು ತಟ್ಟೆಯಲ್ಲಿದ್ದ ಮುದ್ದೆಯಿಂದ ಒಂದು ಉಂಡೆ ಕಿತ್ತು, ಪೈಪು ಎಳೆದು, ಅದರ ಬಾಯಿಗೆ ಗಟ್ಟಿಯಾಗಿ ತುರುಕಿ, ಮತ್ತೆ ಸಿಕ್ಕಿಸಿ, "ಆಮೆನ್!" ಎಂದರು. ಐದು ಬೆರಳೂ ಬೆಳಿಗ್ಗೆಗಿಂತ ಜೋರಾಗಿ ಎದ್ದು ನಿಂತವು. ಎರಡೂ ಚರ್ಚಿನವರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು.

ಆ ಗದ್ದಲದಲ್ಲಿ ಮೇಷ್ಟ್ರು ಮೆಲ್ಲಗೆ ಮುಲೊಂಡೊನ ಕಿವಿಯಲ್ಲಿ ಉಸುರಿದರು: "ಗಾಬರಿಯಾಗ್ಬೇಡಿ. ಪೈಪಲ್ಲಿ ಒಂದು ಮುದ್ದೆ ಉಂಡೆ ಇಟ್ಟಿದೀನಿ ಅಷ್ಟೇ. ಇವರೆಲ್ಲ ಚದುರಲಿ, ನೀವು ಹೊರಟುಬಿಡಿ. ಊರಾಚೆ ಹೋಗಿ ತೆಗೆದು ಬಿಸಾಕಿ."

ಮುಲೊಂಡೊ ಆಗಲೇ ಮಣ್ಣಿನಲ್ಲಿ ಮೊಣಕಾಲೂರಿ ಕೂತಿದ್ದ. ಕೆನ್ನೆ ಮೇಲೆ ನೀರು ಇಳಿಯುತ್ತಿತ್ತು.

"ಉಂಡೆ ಇಟ್ಟದ್ದು ನಾನು ಕಣಯ್ಯಾ!"

"ನಿಮ್ಮ ಕೈಲಿ ಇಡಿಸಿದವರು ಯಾರು ಮೇಷ್ಟ್ರೇ?" ಎಂದು ಮುಲೊಂಡೊ ಎದ್ದು, ಎರಡೂ ಕೈಯಲ್ಲಿ ಬೀಗದಕೈ ಹಿಂತಿರುಗಿಸಿದ. "ನಾನು ಕೋಳಿ ವ್ಯಾಪಾರದವನು. ಹಿಂದಿನ ಸೀಟು ಕಿತ್ತು ಗೂಡು ಜೋಡಿಸೋಣ ಅಂತ ಬಂದಿದ್ದೆ. ದೇವರು ಕೂತ ಕಾರಿಗೆ ಕೋಳಿ ತುಂಬೋಕಾಗುತ್ತಾ? ನನ್ನ ಮನೆ ಉದ್ಧಾರ ಆಗುತ್ತಾ? ಕ್ಷಮಿಸ್ಬಿಡಿ." ಬಾನೆಟ್ಟಿಗೆ ಹಣೆ ಮುಟ್ಟಿಸಿ, ಹಿಂದೆ ಹಿಂದೆ ನಡೆದುಕೊಂಡೇ ಗೇಟು ದಾಟಿ ಹೋದ.

ಕಗೋಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು. ಸೂಟ್‌ಕೇಸನ್ನು ತಲೆಯ ಮೇಲಿಟ್ಟುಕೊಂಡು, ಹಾಡುವ ಜನರ ನಡುವೆ ದಾರಿ ಮಾಡಿಕೊಂಡು ಬಸ್ ನಿಲ್ದಾಣದ ಕಡೆ ನಡೆದಳು. ಪುಣ್ಯಕ್ಷೇತ್ರದಿಂದ ಹೊರಟ ಯಾತ್ರಿಕಳೆಂದು ತಿಳಿದು ಜನ ಅವಳಿಗೂ ಕೈಮುಗಿದರು.

ಪಾಸ್ಟರು ಮೈಕಿನಲ್ಲಿ ಸಾರಿದರು: ಇನ್ನು ಮುಂದೆ ದಿನಾ ಸಂಜೆ ಇದೇ ಅಂಗಳದಲ್ಲಿ ಪ್ರಾರ್ಥನೆ. ಕಾರನ್ನು ನಿಂತ ಜಾಗದಿಂದ ಯಾರೂ ಕದಲಿಸತಕ್ಕದ್ದಲ್ಲ.

"ನಾನು ಸ್ಕೂಲಿಗೆ ಹೋಗೋದು ಹೇಗೆ ಪಾಸ್ಟರೇ?" ಎಂದರು ಮೇಷ್ಟ್ರು, ಸೋತ ದನಿಯಲ್ಲಿ.

"ಬಾಡಿಗೆ ಬೈಕು ಇದೆಯಲ್ಲ ಮೇಷ್ಟ್ರೇ, ಆರಾಮಾಗಿ ಹೋಗ್ಬನ್ನಿ," ಎಂದು ಪಾಸ್ಟರು ಮೈಕಿಗೆ ಕೈ ಅಡ್ಡ ಹಿಡಿದು ಮೃದುವಾಗಿ ಹೇಳಿದರು. "ಬರೋವಾಗ ಮರೀದೆ ಒಂದು ಕ್ಯಾನು ಪೆಟ್ರೋಲು ತನ್ನಿ. ಎಂಜಿನ್ ಓಡ್ತಿದ್ರೆ ತಾನೇ ದೇವರು ಕೈ ಎತ್ತೋದು?"