ಮೂರು ತಾಲೂಕಿಗೆ ಗೊತ್ತಿರುವ ಹೊಟ್ಟೆ

ನನಗೆ ಸಿಟ್ಟು ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನಾನು ಹೇಳದಿದ್ದರೆ ನನ್ನ ಹೆಂಡತಿ ಸುಮಿತ್ರ ಹೇಳುತ್ತಾಳೆ. ಕೊಪ್ಪದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಪಾತ್ರೆ ಅಂಗಡಿ ಇದೆ. ಗಿರಾಕಿ ಚೊಂಬನ್ನು ಬೆರಳಿನಿಂದ ತಟ್ಟಿ ನೋಡಿದರೆ ನನ್ನ ಮೇಲೆ ನಂಬಿಕೆಯಿಲ್ಲವಲ್ಲ ಎಂದು ಸಿಟ್ಟು. ತಟ್ಟದೆ ಕೊಂಡರೆ ಇವನಿಗೆ ಪಾತ್ರೆಯ ಗಂಧಗಾಳಿಯೇ ಇಲ್ಲವಲ್ಲ ಎಂದು ಸಿಟ್ಟು. ನಾನು ನಕ್ಕಿದ್ದನ್ನು ನೋಡಿದವರು ಊರಿನಲ್ಲಿ ಯಾರೂ ಇಲ್ಲ ಎಂದು ಸುಮಿತ್ರ ಹೇಳುವುದು ಸ್ವಲ್ಪ ಉತ್ಪ್ರೇಕ್ಷೆ. ಇರಲಿ. ಅವೆಲ್ಲ ಚಿಲ್ಲರೆ ಸಿಟ್ಟುಗಳು. ಈಗ ಹೇಳಹೊರಟಿರುವುದು ನ್ಯಾಯವಾದ ಸಿಟ್ಟು. ಇದು ನನ್ನ ಹೊಟ್ಟೆಗೆ ಸಂಬಂಧಪಟ್ಟದ್ದು.

ಮಳೆಗಾಲದ ಕೊನೆಯಲ್ಲಿ ಒಂದು ದಿನ ಬಲಪಕ್ಕೆಯ ಕೆಳಗೆ ನೋವು ಕಾಣಿಸಿಕೊಂಡಿತು. ನಮ್ಮ ಡಾಕ್ಟರು ಸುಧೀಂದ್ರ ಒತ್ತಿ ನೋಡಿದರು, ಸ್ಕ್ಯಾನ್ ಮಾಡಿಸಿದರು, ಪಿತ್ತಕೋಶದಲ್ಲಿ ಕಲ್ಲಿದೆ ಅಂದರು. ಸದ್ಯಕ್ಕೆ ಮಾತ್ರೆ, ಪಥ್ಯ ಸಾಕು. ಮತ್ತೆ ನೋವು ಬಂದು ಊತವಾಗಿದ್ದರೆ ಮಾತ್ರ ಆಪರೇಷನ್. ಆಮೇಲೆ ಸ್ವಲ್ಪ ಸಂಕೋಚದಿಂದ, "ಶ್ರೀಧರ ಅವರೇ, ನಿಮ್ಮ ಹೊಟ್ಟೆ ಒಂದೈದು ನಿಮಿಷ ಕೊಡ್ತೀರಾ?" ಎಂದು ಕೇಳಿದರು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಆಸ್ಪತ್ರೆಗಳಲ್ಲಿ ಹಂಚಿಹೋಗಿರುವ ತರಬೇತಿ ಡಾಕ್ಟರುಗಳನ್ನೆಲ್ಲ ಒಂದು ಕಡೆ ಸೇರಿಸಿ ಪಾಠ ಮಾಡಲು ಆಗುವುದಿಲ್ಲವಂತೆ. ಅದಕ್ಕೆ ಸಣ್ಣ ಸಣ್ಣ ರೀಲ್ಸ್ ಮಾಡಿ ಮೊಬೈಲಿನಲ್ಲಿ ಹಾಕುತ್ತಾರಂತೆ. ವಿದ್ಯಾದಾನ ಎಂದುಕೊಂಡು ಒಪ್ಪಿದೆ. "ಆದ್ರೆ ಮುಖ ಮಾತ್ರ ಕಾಣಬಾರದು" ಎಂದೆ. ಅವರೂ "ಖಂಡಿತ ಕಾಣೋದಿಲ್ಲ" ಎಂದರು. ಒಂದು ಸಲ ನನ್ನ ಮೂಗಿನ ತುದಿ ಬಂದುಬಿಟ್ಟಿತ್ತು. ಅದನ್ನು ಅಳಿಸಿ ಮತ್ತೆ ತೆಗೆಸಿದೆ. ಡಾಕ್ಟರು ಒತ್ತುತ್ತಾ, "ಕೈ ಹೊಟ್ಟೆ ಮೇಲಿರಲಿ, ಕಣ್ಣು ರೋಗಿಯ ಮುಖದ ಮೇಲಿರಲಿ" ಎಂದು ಮೊಬೈಲಿಗೆ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಆ ಕ್ಷಣಕ್ಕೆ ಸರಿಯಾಗಿ ನಾನು "ಅಯ್ಯಪ್ಪಾ!" ಎಂದು ಕಿರುಚಿದ್ದೂ ನೆನಪಿದೆ.

ಮುಖ ಕಾಣದಿದ್ದರೆ ಯಾರಿಗೆ ಗೊತ್ತಾಗುತ್ತದೆ ಎಂದು ನಾನೂ ಡಾಕ್ಟರೂ ತಿಳಿದದ್ದು ಶುದ್ಧ ತಪ್ಪು. ಬೇರೆ ಸೀಮೆಯಲ್ಲಿ ಅದು ಸರಿಯಿರಬಹುದು. ನಮ್ಮ ಮನೆಗಳ ಮದುವೆ ಮುಂಜಿಗಳಲ್ಲಿ ಬಡಿಸುವ ಗಂಡಸರು ಅಂಗಿ ತೊಡುವುದಿಲ್ಲ. ಪಂಚೆ ಎತ್ತಿ ಕಟ್ಟಿ, ಬರಿಮೈಯಲ್ಲಿ, ಸೌಟು ಹಿಡಿದು ಪಂಕ್ತಿಯಲ್ಲಿ ಓಡಾಡುತ್ತೇವೆ. ನೆಲದ ಮೇಲೆ ಎಲೆ ಹಾಕಿಕೊಂಡು ಕೂತವರ ಕಣ್ಣಿಗೆ ನೇರವಾಗಿ ಬೀಳುವುದು ಬಡಿಸುವವನ ಮುಖವೇ? ಪಾಯಸ ಬಡಿಸುವುದೆಂದರೆ ನನಗೆ ಪ್ರಾಣ. ಹಾಗಾಗಿ ಬಾಳೆಹೊನ್ನೂರಿನಿಂದ ಕಿಗ್ಗದವರೆಗೆ ಸಂಬಂಧಿಕರು, ಸ್ನೇಹಿತರು ಎಲ್ಲರಿಗೂ ನನ್ನ ಹೊಟ್ಟೆ, ಹೊಕ್ಕುಳ ಪಕ್ಕದ ಹುಣಿಸೆಬೀಜದಷ್ಟು ದೊಡ್ಡ ಮಚ್ಚೆ, ಉಡಿದಾರಕ್ಕೆ ಕಟ್ಟಿದ ಬೀರುವಿನ ಕೀಲಿಕೈ ಎಲ್ಲ ಬಾಯಿಪಾಠ.

ಮೆಣಸೆಯ ಒಂದು ಗೃಹಪ್ರವೇಶದಲ್ಲಿ ವಿಷಯ ಬಯಲಾಯಿತು. ಪಾಯಸದ ಬಕೆಟ್ ಹಿಡಿದು ಬಗ್ಗಿದ್ದೇನೆ, ಎಲೆಯ ಮುಂದೆ ಕೂತಿದ್ದ ರಾಮಣ್ಣ ನನ್ನ ಹೊಟ್ಟೆಯನ್ನೇ ಉದ್ದೇಶಿಸಿ, "ಎಂತ ಮಾರಾಯ್ರೆ, ಈಗ ನೋವು ಹೆಂಗಿದೆ? ನಮ್ಮ ಮಗಳ ಮೊಬೈಲಲ್ಲಿ ನೋಡ್ದೆ" ಎಂದರು. ಪಕ್ಕದವರು, "ಪಾಪ, ಪೇಷಂಟನ್ನೇ ಬಡಿಸೋಕೆ ಹಾಕಿದಾರಲ್ಲ" ಎಂದರು. ಮೂರನೆಯವರು ಎಲೆಗೆ ಕೈ ಅಡ್ಡ ಹಿಡಿದು, "ಇದು ಅಂಟುವಂಥದ್ದಲ್ಲ ಅಲ್ದಾ?" ಎಂದರು. ಪಾಯಸ ಚೆಲ್ಲುವಷ್ಟು ಸಿಟ್ಟು ಬಂತು. ಮನೆಗೆ ಬಂದು ರೀಲ್ ಹಾಕಿಸಿ ನೋಡಿದರೆ, ನನ್ನ "ಅಯ್ಯಪ್ಪಾ" ಇರಬೇಕಾದ ಜಾಗದಲ್ಲಿ ಇಂಪಾಗಿ ಕೊಳಲು ಕೇಳುತ್ತಿದೆ! ಪಾಠಕ್ಕೆ ಹಿನ್ನೆಲೆ ಸಂಗೀತವಂತೆ. ಸುಮಿತ್ರಳ ಸಿಟ್ಟೇ ಬೇರೆ. "ಬೀರು ಕೀ ಎಲ್ಲಿರ್ತದೆ ಅಂತ ಊರಿಗೆಲ್ಲ ತೋರಿಸಿ ಬಂದ್ರಲ್ಲ, ನಿಮಗೆ ಬುದ್ಧಿ ಯಾವಾಗ ಬರೋದು?" ಎಂದಳು.

ಇಷ್ಟಕ್ಕೇ ಮುಗಿದಿದ್ದರೆ ನಾನು ಗೊಣಗಿಕೊಂಡು ಸುಮ್ಮನಿರುತ್ತಿದ್ದೆ. ಆದರೆ ಶೃಂಗೇರಿಗೆ ಹೋಗಿದ್ದಾಗ ನೋವು ಮತ್ತೆ ಹಿಡಿದುಕೊಂಡಿತು. ಅಲ್ಲಿಯ ಒಂದು ಆಸ್ಪತ್ರೆಗೆ ಹೋದೆ. ತರಬೇತಿಯ ಡಾಕ್ಟರು, ಅನುಷಾ ಎಂಬ ಹುಡುಗಿ, ನನ್ನ ಅಂಗಿ ಎತ್ತಿದವಳೇ ಕಣ್ಣರಳಿಸಿದಳು. "ಅಂಕಲ್, ನೀವು ಆ ಹೊಟ್ಟೆ ಅಲ್ವಾ?" ನನ್ನ ಹೆಸರು ಕೇಳುವ ಮೊದಲೇ ಮಚ್ಚೆಯನ್ನು ಗುರುತಿಸಿದಳು. ನಂತರ ರೀಲಿನಲ್ಲಿ ಡಾಕ್ಟರು ಒತ್ತಿದ ಜಾಗದಲ್ಲೇ, ಒತ್ತಿದ ಹಾಗೆಯೇ ಒತ್ತಿದಳು. ಕೈಯೇನೋ ಚೆನ್ನಾಗಿ ಕಲಿತಿತ್ತು. ಆದರೆ ಕಣ್ಣು ಹೊಟ್ಟೆಯನ್ನು ಬಿಟ್ಟು ಒಂದಿಂಚು ಮೇಲೆ ಬರಲಿಲ್ಲ. ನನಗೆ ಉಸಿರೇ ನಿಂತುಹೋಯಿತು. ಉಸಿರಿಲ್ಲದೆ ಮಾತು ಎಲ್ಲಿಂದ ಬರಬೇಕು? ಮುಖ ಕಿವುಚಿದೆ, ತಲೆ ಅಲ್ಲಾಡಿಸಿದೆ, ಕಣ್ಣು ಮೇಲೆ ಮಾಡಿದೆ. ನೋಡುವವರು ಬೇಕಲ್ಲ! ಉಸಿರು ಬಂದಮೇಲೆ "ನೋವು, ನೋವು" ಎಂದರೆ, "ಸ್ವಲ್ಪ ಇರುತ್ತೆ ಅಂಕಲ್. ವಿಡಿಯೋದಲ್ಲೂ ಆರಾಮಾಗಿ ಮಲಗಿದ್ರಲ್ಲ" ಎಂದು ಗ್ಯಾಸಿನ ಮಾತ್ರೆ ಕೊಟ್ಟು ಕಳಿಸಿದಳು.

ಆ ಮಾತ್ರೆ ನುಂಗಿಕೊಂಡು ಮನೆಯಲ್ಲಿ ಹೊರಳಾಡಿ, ಜ್ವರ ಬಂದು ಮೈ ನಡುಗಲು ಶುರುವಾದ ಮೇಲೆ ಸುಮಿತ್ರ ನನ್ನನ್ನು ಸುಧೀಂದ್ರರ ಮುಂದೆ ತಂದು ಕೆಡವಿದಳು. ಪಿತ್ತಕೋಶ ಬಾತುಕೊಂಡು ಕೀವು ಕಟ್ಟುವ ಹಂತಕ್ಕೆ ಬಂದಿತ್ತು. "ಇನ್ನೊಂದು ದಿನ ತಡ ಮಾಡಿದ್ರೆ ಒಳಗೇ ಒಡೆದು ಜೀವಕ್ಕೆ ಅಪಾಯ ಇತ್ತು" ಎಂದರು ಡಾಕ್ಟರು. ನನಗೆ ಜ್ವರಕ್ಕಿಂತ ಹೆಚ್ಚಾಗಿ ಸಿಟ್ಟು ನೆತ್ತಿಗೇರಿತ್ತು. "ಮುಖ ನೋಡಿ, ಮುಖ ನೋಡಿ ಅಂತ ಪಾಠ ಹೇಳ್ತೀರಿ. ನಿಮ್ಮ ಪಾಠದಲ್ಲಿ ಮುಖ ಎಲ್ಲಿದೆ? ನನ್ನ ಕೂಗು ಎಲ್ಲಿದೆ? ಕೊಳಲು ಕೇಳಿಕೊಂಡು ಆ ಹುಡುಗಿ ಎಂತ ಕಲೀಬೇಕು? ನಾನು ಸತ್ತಿದ್ರೆ ಅದಕ್ಕೂ ಕೊಳಲು ಹಾಕ್ತಿದ್ರಾ?" ಎಂದು ಕೂಗಾಡಿದೆ. ಡಾಕ್ಟರು ತಲೆ ತಗ್ಗಿಸಿದರು. ಮುಖ ಬೇಡ ಎಂದವನು ನಾನೇ ಎಂಬುದನ್ನು ಅವರು ನೆನಪಿಸಲಿಲ್ಲ. ಆ ಸಭ್ಯತೆಯೂ ನನಗೆ ಸಿಟ್ಟು ತರಿಸಿತು. "ಇನ್ನೊಂದು ರೀಲ್ ಮಾಡಿ. ಈ ಸಲ ಮುಖ ಬರಲೇಬೇಕು" ಎಂದು ಹಟ ಹಿಡಿದೆ.

ಆಪರೇಷನ್ನಿಗೆ ಮೊದಲು ಹೇಗೂ ಇನ್ನೊಮ್ಮೆ ಒತ್ತಿ ನೋಡಬೇಕಿತ್ತು. ಡಾಕ್ಟರು ಶೃಂಗೇರಿಯಿಂದ ಅನುಷಾಳನ್ನೂ ಕರೆಸಿದರು. ಉಡಿದಾರ, ಕೀಲಿಕೈ ಎಲ್ಲ ಸುಮಿತ್ರಳ ಪರ್ಸು ಸೇರಿದ್ದವು. ನಾನು ಗಡ್ಡ ಹೆರೆಸಿಕೊಂಡು, ತಲೆ ಬಾಚಿಸಿಕೊಂಡು, ಸ್ವಲ್ಪ ಪೌಡರನ್ನೂ ಹಚ್ಚಿಸಿಕೊಂಡು ಮಲಗಿದೆ. ಮಚ್ಚೆಯ ಮೇಲೆ ಆಸ್ಪತ್ರೆಯ ಹಸಿರು ಬಟ್ಟೆ. ಮೊಬೈಲು ನನ್ನ ಮುಖದ ಮೇಲೆ ಬಂತು. ಡಾಕ್ಟರು ಒತ್ತಿದರು. ಪ್ರಾಣ ಹೋದಂತಾಯಿತು. ಆದರೆ ಕ್ಯಾಮೆರಾ ಎದುರಿಗಿತ್ತು ನೋಡಿ, ನಾನು ನಕ್ಕುಬಿಟ್ಟೆ.

"ಶ್ರೀಧರ ಅವರೇ, ನಗಬೇಡಿ!" ಎಂದರು ಡಾಕ್ಟರು. ಎಷ್ಟು ಪ್ರಯತ್ನಿಸಿದರೂ ಹಲ್ಲು ಒಳಗೆ ಹೋಗಲಿಲ್ಲ. ಅನುಷಾ ಮಾತ್ರ ಹತ್ತಿರ ಬಂದು ನನ್ನ ಮುಖವನ್ನೇ ನೋಡುತ್ತಿದ್ದಳು. "ಸರ್, ಕೈ ತೆಗೀರಿ. ಅಂಕಲ್‌ಗೆ ತುಂಬಾ ನೋವಾಗ್ತಿದೆ. ಕಣ್ಣಲ್ಲಿ ನೀರು ತುಂಬಿದೆ" ಎಂದಳು. ಡಾಕ್ಟರು ಅದನ್ನೇ ಹಾಕಿದರು, ಕೊಳಲಿಲ್ಲದೆ. ರೋಗಿ ನಗುತ್ತಿದ್ದರೂ ಕಣ್ಣು ನೋಡಿ ಎಂಬುದು ಪಾಠವಾಯಿತು.

ಆಪರೇಷನ್ ಆಗಿ ಗಾಯ ಒಣಗಿದ ಮೇಲೆ, ಬಸರೀಕಟ್ಟೆಯ ಒಂದು ಮುಂಜಿಯಲ್ಲಿ ಮತ್ತೆ ಪಾಯಸದ ಸೌಟು ಹಿಡಿದೆ. ಡಾಕ್ಟರರ ಸಲಹೆಯಂತೆ ಹೊಟ್ಟೆಗೆ ಅಗಲವಾದ ಬೆಲ್ಟು ಕಟ್ಟಿದ್ದೆ, ಮಚ್ಚೆ ಅದರಡಿ ಮುಚ್ಚಿಹೋಗಿತ್ತು. ಎಲೆಯ ಮುಂದೆ ಅದೇ ರಾಮಣ್ಣ. ಮೊಬೈಲನ್ನು ನನ್ನ ಕಡೆ ತಿರುಗಿಸಿ, "ಹಳೇ ವಿಡಿಯೋದಲ್ಲಿ ಹೊಟ್ಟೆ ನೋಡಿದ ಕೂಡ್ಲೆ ಶ್ರೀಧರಣ್ಣಂದೇ ಅಂತ ಗೊತ್ತಾಗಿತ್ತು. ಈ ಹೊಸದ್ರಲ್ಲಿ ಹಲ್ಲು ಕಿಸೀತಾ ಇದಾರಲ್ಲ, ಇವ್ರು ಯಾರು ಮಾರಾಯ್ರೆ? ನಮ್ಮ ಕಡೆಯೋರಲ್ಲ ಅನ್ಸುತ್ತೆ" ಎಂದರು. ಅವರು ಹಾಗೆ ಕೇಳಿದ್ದು ನನ್ನ ಬೆಲ್ಟಿನ ಹತ್ತಿರ. ತಲೆ ಎತ್ತಿ ನನ್ನ ಮುಖ ನೋಡಲಿಲ್ಲ. ಗುರುತು ಸಿಗಲೆಂದು ಒಮ್ಮೆ ನಕ್ಕು ತೋರಿಸೋಣ ಎನಿಸಿತು. ಆದರೆ ಅಷ್ಟರಲ್ಲಿ ಸಿಟ್ಟು ಬಂದುಬಿಟ್ಟಿತ್ತು. ಅವರ ಎಲೆಗೆ ಪಾಯಸ ಹಾಕದೆ ಮುಂದಿನ ಎಲೆಗೆ ಹೋದೆ.