ಮುಲಾಮು ಮೂರು, ಆಸನ ಒಂದು

ಜ್ಯೊಂಜು ನಗರದಲ್ಲಿ ಟ್ಯಾಕ್ಸಿ ಓಡಿಸುವವರಿಗೇನೂ ಬರವಿಲ್ಲ. ಆದರೆ ಬೆಳಗ್ಗೆ ಸೀಟಿನ ಮೇಲೆ ಕೂತರೆ ಸಂಜೆಯವರೆಗೂ ಅಲುಗಾಡದೆ ಕೂರುವ ತಾಕತ್ತು ಈ ತಾಕ್ ಇನ್‌ಸುವಿಗೆ ಮಾತ್ರ ಇರುವುದು! ಒಂದು ಅಪಘಾತವಿಲ್ಲ, ಕಾರಿಗೆ ಒಂದು ಗೀರಿಲ್ಲ, ಪ್ರಯಾಣಿಕರ ಒಂದು ದೂರಿಲ್ಲ. ಈ ವರ್ಷದ ಉತ್ತಮ ಚಾಲಕ ಪ್ರಶಸ್ತಿ ನನಗೇ ಎಂದು ಟ್ಯಾಕ್ಸಿ ಸಂಘದವರು ಘೋಷಿಸಿದಾಗ ನನಗೆ ಆಶ್ಚರ್ಯವೇ ಆಗಲಿಲ್ಲ. ಇಷ್ಟು ತಡವಾಯಿತಲ್ಲ ಎಂಬುದಷ್ಟೇ ಆಶ್ಚರ್ಯ.

ಅದೇ ವಾರ ನನ್ನ ಆಸನಕ್ಕೆ ದೃಷ್ಟಿ ತಾಕಿತು. ಉರಿ, ನವೆ, ಕೂತರೆ ಮುಳ್ಳಿನ ಮೇಲೆ ಕೂತಂತೆ. ಮೂಲವ್ಯಾಧಿ! ಡಾಕ್ಟರ ಹತ್ತಿರ ಹೋಗುವುದೇ? ಪ್ರಶಸ್ತಿ ವಿಜೇತನೊಬ್ಬ ಮೇಜಿನ ಮೇಲೆ ಬೋರಲು ಮಲಗುವುದೇ? ಸಾಧ್ಯವಿಲ್ಲ! ನನ್ನ ರೋಗಕ್ಕೆ ನಾನೇ ವೈದ್ಯ ಎಂದು ನಿರ್ಧರಿಸಿಬಿಟ್ಟೆ. ತನ್ನ ಬೆನ್ನು ತನಗೆ ಕಾಣದು ಎನ್ನುತ್ತಾರೆ. ಬೆನ್ನೇ ಕಾಣದವನಿಗೆ ಅದರ ಕೆಳಗಿನದು ಕಂಡೀತೇ ಎಂಬ ವಿವೇಕ ಆಗ ಹೊಳೆಯಲಿಲ್ಲ.

ಟೋಪಿ, ಮಾಸ್ಕು, ಕಪ್ಪು ಕನ್ನಡಕ ಏರಿಸಿ, ನನ್ನ ಗುರುತಿರದ ಹೊಳೆಯಾಚೆಯ ಔಷಧಿ ಅಂಗಡಿಗೆ ಹೋದೆ. ಅಂಗಡಿಯಾಕೆಯದು ಕಂಚಿನ ಕಂಠ.

"ಮೂಲವ್ಯಾಧಿಗಾ? ನಿಮಗೇನಾ?"

"ಛೆ ಛೆ! ನನ್ನ ಸ್ನೇಹಿತನಿಗೆ."

"ನಿಮ್ಮ ಸ್ನೇಹಿತರಿಗೆ ರಕ್ತ ಬೀಳುತ್ತಾ? ಬಿಪಿ ಮಾತ್ರೆ ತಗೋತಾರಾ?"

"ಇಲ್ಲ, ಇಲ್ಲ. ಅವನು ಬಹಳ ಗಟ್ಟಿ ಮನುಷ್ಯ."

"ಹಾಗಾದ್ರೆ ಇದು ಸಾಕು. ಬೆಚ್ಚಗಿನ ನೀರಲ್ಲಿ ತೊಳೆದು, ಉಜ್ಜದೆ ಒತ್ತಿ ಒರೆಸಿ, ತೆಳ್ಳಗೆ ಹಚ್ಚೋಕೆ ಹೇಳಿ. ಮುಂಚೆನೂ ಆಮೇಲೂ ಕೈ ತೊಳೀಬೇಕು. ಇದರ ಜೊತೆ ಬೇರೆ ಮುಲಾಮು ಬೆರೆಸೋ ಹಾಗಿಲ್ಲ. ಒಂದು ವಾರದಲ್ಲಿ ಕಮ್ಮಿ ಆಗದಿದ್ರೆ, ರಕ್ತ ಕಂಡ್ರೆ, ಸೀದಾ ಡಾಕ್ಟ್ರ ಹತ್ರ. ನಿಮ್ಮ ಸ್ನೇಹಿತರಿಗೆ ನೆನಪಿರುತ್ತಲ್ವಾ?"

ಸ್ನೇಹಿತನಿಗೆ ಒಂದಕ್ಷರವೂ ನೆನಪಿರಲಿಲ್ಲ! ಒಂದು ಮುಲಾಮಿಗೆ ಇಷ್ಟು ಗುಣವಿದ್ದರೆ ಮೂರಕ್ಕೆ ಎಷ್ಟಿರಬೇಡ ಎಂದು ಲೆಕ್ಕ ಹಾಕಿ, ಇನ್ನೆರಡು ಅಂಗಡಿಗಳಿಂದ ಇನ್ನೆರಡು ಬಗೆಯ ಟ್ಯೂಬು ತಂದೆ. ಊತಕ್ಕೊಂದು, ಉರಿಗೊಂದು, ಮರಗಟ್ಟಿಸಲಿಕ್ಕೊಂದು. ತೆಳ್ಳಗೆ ಹಚ್ಚುವುದು ಜಿಪುಣರ ಲಕ್ಷಣ. ನಾನು ಗೋಡೆಗೆ ಗಾರೆ ಮೆತ್ತಿದಂತೆ ಮೆತ್ತಿಕೊಂಡೆ. ತಂಪಾಗಿದ್ದರೆ ಇನ್ನೂ ಹಿತ ಎಂದು ಮೂರನ್ನೂ ಕಿಮ್ಚಿ ಎಂಬ ಎಲೆಕೋಸಿನ ಉಪ್ಪಿನಕಾಯಿ ಇಡುವ ಫ್ರಿಜ್ಜಿನ ಮೂಲೆಯಲ್ಲಿ ಬಚ್ಚಿಟ್ಟೆ.

ಮೊದಲೆರಡು ದಿನ ಸ್ವರ್ಗ. ಆಮೇಲೆ ನರಕವೇ ಅಲ್ಲಿಗೆ ವಾಸ್ತವ್ಯ ಬದಲಾಯಿಸಿತು! ಉರಿ ಇದ್ದ ಜಾಗದಲ್ಲಿ ಬೆಂಕಿ, ನವೆ ಇದ್ದ ಜಾಗದಲ್ಲಿ ದದ್ದು. ಟ್ಯಾಕ್ಸಿಗೆ ರಜೆ ಹಾಕಿ ಮನೆಯಲ್ಲಿ ಓಡಾಡತೊಡಗಿದೆ. ನನ್ನ ಹೆಂಡತಿ ಓಕ್‌ಬುನ್ ಗಮನಿಸಿದಳು.

"ಏನ್ರೀ, ಊಟಕ್ಕೆ ಕೂರಲ್ವಾ?"

"ನಿಂತು ಉಂಡರೆ ಜೀರ್ಣಶಕ್ತಿ ಹೆಚ್ಚುತ್ತೆ ಕಣೇ."

"ಹೌದಾ? ಹಾಗಿದ್ರೆ ಕುದುರೆಗಳೆಲ್ಲ ನೂರು ವರ್ಷ ಬದುಕ್ಬೇಕಿತ್ತು." ಅವಳು ಏಪ್ರನ್ನಿನ ಜೇಬಿನಿಂದ ಟ್ಯೂಬೊಂದನ್ನು ತೆಗೆದು ನನ್ನ ಮೂಗಿನ ಮುಂದೆ ಹಿಡಿದಳು. "ಸಾಸಿವೆ ಪೇಸ್ಟು ಅಂದ್ಕೊಂಡು ಇದನ್ನ ತಣ್ಣನೆ ನೂಡಲ್ಸಿಗೆ ಹಿಂಡ್ತಿದ್ದೆ! ಮೂರ್ ಮೂರು ಟ್ಯೂಬು! ನಿಮಗಿರೋದು ಒಂದೇ ತಾನೆ?"

"ಮೆಲ್ಲಗೆ ಮಾತಾಡೇ! ಪಕ್ಕದ ಮನೆಯವರು ಕೇಳಿಸ್ಕೋತಾರೆ."

"ಇವತ್ತೇ ನಡೀರಿ ಡಾಕ್ಟ್ರ ಹತ್ರ."

"ನಾಳೆ ಪ್ರಶಸ್ತಿ ಸಮಾರಂಭ ಮುಗೀಲಿ. ಇಷ್ಟು ವರ್ಷ ಕಾದ ಗೌರವ. ಒಂದು ದಿನ ಹಲ್ಲು ಕಚ್ಚಿ ತಡ್ಕೋತೀನಿ."

"ಕಚ್ಚೋದು ಹಲ್ಲಾದ್ರೂ ಕೂರೋದು ಹಲ್ಲಿನ ಮೇಲಲ್ಲ," ಎಂದು ಗೊಣಗಿ ಅವಳು ನನ್ನ ಸೂಟನ್ನು ಇಸ್ತ್ರಿ ಮಾಡಿದಳು.

ಮರುದಿನ ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ನನಗಾಗಿ ಮರದ ಕುರ್ಚಿ, ಅದೂ ಕಬ್ಬಿಣದಷ್ಟು ಗಟ್ಟಿಯದು. ಸಂಘದ ಅಧ್ಯಕ್ಷ ನಾಮ್‌ಗುಂಗ್ ಅವರು ಭಾಷಣ ಆರಂಭಿಸಿದರು. ನಾನು ಕುರ್ಚಿಯ ಪಕ್ಕದಲ್ಲಿ ಕೈಕಟ್ಟಿ ನಿಂತೇ ಇದ್ದೆ.

"ತಾಕ್ ಅವರೇ, ದಯವಿಟ್ಟು ಕೂತ್ಕೊಳ್ಳಿ."

"ಬೇಡ ಅಧ್ಯಕ್ಷರೇ. ಹಿರಿಯರು ನಿಂತು ಮಾತಾಡುವಾಗ ನಾನು ಕೂರೋದು ಶೋಭೆಯಲ್ಲ!"

ಅಧ್ಯಕ್ಷರು ಸಭೆಯತ್ತ ತಿರುಗಿದರು. "ನೋಡಿ! ಪ್ರಶಸ್ತಿ ಸಿಕ್ಕರೂ ತಲೆಗೆ ಹತ್ತಿಸಿಕೊಳ್ಳದ ಮನುಷ್ಯ!" ಎಂದರು. ಮುಂದಿನ ಸಾಲಿನ ಪದಾಧಿಕಾರಿಗಳು ನಾಚಿ ಎದ್ದು ನಿಂತರು. ಅವರ ಹಿಂದಿನವರು ಎದ್ದರು. ನೋಡನೋಡುತ್ತ ಇಡೀ ಸಭಾಂಗಣವೇ ನಿಂತು ಚಪ್ಪಾಳೆ ಹೊಡೆಯಿತು! ನನ್ನ ಎದೆ ಹಿಗ್ಗಿ ಸೂಟಿನ ಗುಂಡಿ ಕಿತ್ತುಬರುವಂತಾಯಿತು. ಇಡೀ ಸಭೆಯಲ್ಲಿ ಓಕ್‌ಬುನ್ ಒಬ್ಬಳೇ ಕೂತಿದ್ದಳು, ಮುಖವನ್ನು ಕೈಚೀಲದಲ್ಲಿ ಹುದುಗಿಸಿಕೊಂಡು.

ಅಧ್ಯಕ್ಷರು ಕಣ್ಣೊರೆಸಿಕೊಂಡು ಕೂಗಿದರು: "ಇಂಥವರಿಗೆ ಬರೀ ಫಲಕ ಸಾಲದು. ತನ್ನಿ ಉಡುಗೊರೆ!"

ಬಂತು. ಕೆಂಪು ರಿಬ್ಬನ್ ಕಟ್ಟಿದ ಹೊಚ್ಚ ಹೊಸ ಸೈಕಲ್ಲು! ಅದರ ಸೀಟು ನನ್ನ ಅಂಗೈಯಷ್ಟು ಅಗಲ. ತುದಿ ಮೊಳೆಯಷ್ಟು ಚೂಪು.

"ಏರಿ ತಾಕ್ ಅವರೇ! ಸಭಾಂಗಣಕ್ಕೆ ಒಂದು ಸುತ್ತು ಹಾಕಿ. ಫೋಟೋದವರು ಕಾಯ್ತಿದ್ದಾರೆ."

ಹಿಂದೆ ಸರಿಯುವಂತಿಲ್ಲ, ಹಿಂದೆಯೇ ಅಲ್ಲವೇ ತೊಂದರೆ! ದೇವರ ಮೇಲೆ ಭಾರ ಹಾಕಿ ಕಾಲೆತ್ತಿದೆ. ನನ್ನ ಭಾರ ಸೀಟಿನ ಮೇಲೆ ಬಿದ್ದದ್ದಷ್ಟೇ ಗೊತ್ತು, ನನ್ನ ಬಾಯಿಂದ ಹೊರಟ ಸ್ವರ ಮೈಕಿಲ್ಲದೆಯೇ ಕೊನೆಯ ಸಾಲು ಮುಟ್ಟಿತು. ಸೈಕಲ್ಲು ಒಂದು ಕಡೆ, ಫಲಕ ಒಂದು ಕಡೆ, ನಾನು ಅಧ್ಯಕ್ಷರ ತೋಳಿನಲ್ಲಿ!

"ಬಿಡ್ರಿ ಅವರನ್ನ!" ಓಕ್‌ಬುನ್ ವೇದಿಕೆಗೆ ನುಗ್ಗಿದಳು. "ಅದು ವಿನಯ ಅಲ್ಲ, ಮೂಲವ್ಯಾಧಿ! ಮೂರು ಮುಲಾಮು ಒಟ್ಟಿಗೆ ಮೆತ್ಕೊಂಡು ಕೂತಿದ್ದಾರೆ. ಅಲ್ಲ, ಕೂರೋಕಾಗದೆ ನಿಂತಿದ್ದಾರೆ!"

ಭೂಮಿ ಬಾಯ್ಬಿಡಬಾರದೇ ಎಂದುಕೊಂಡೆ. ಆಗ ಹಿಂದಿನ ಸಾಲಿನಿಂದ ಪ್ಯೊ ಎಂಬ ಹಳೆಯ ಚಾಲಕ ಅಳುಕುತ್ತ ಕೇಳಿದ: "ತಾಕ್ ಅಣ್ಣಾ, ಆ ಮೂರರಲ್ಲಿ ಯಾವುದು ವಾಸಿ?"

"ನನಗೂ ಹೇಳಪ್ಪ," ಎಂದಿತು ಇನ್ನೊಂದು ದನಿ. ಮತ್ತೊಂದು. ಕೊನೆಗೆ ಅಧ್ಯಕ್ಷ ನಾಮ್‌ಗುಂಗ್ ಅವರು ನನ್ನ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದರು: "ನಾನು ಭಾಷಣ ಯಾವಾಗಲೂ ಉದ್ದ ಮಾಡೋದು ಯಾಕೆ ಅಂದ್ಕೊಂಡಿದ್ದೀರಿ?"

ಅಲ್ಲಿಂದ ಸೀದಾ ಡಾಕ್ಟರ ಬಳಿಗೆ. ಅವರು ನೋಡಿ ನಕ್ಕರು. "ಮೂಲವ್ಯಾಧಿ ಇದ್ದದ್ದು ಸಾಸಿವೆಯಷ್ಟು. ನಿಮ್ಮ ಚರ್ಮ ಸುಟ್ಟದ್ದು ಮುಲಾಮುಗಳ ಜಗಳದಲ್ಲಿ. ಮೂರನ್ನೂ ನಿಲ್ಲಿಸಿ. ಬೆಚ್ಚಗಿನ ನೀರಲ್ಲಿ ಕೂರಿ, ಸೊಪ್ಪು ತಿನ್ನಿ, ನೀರು ಕುಡೀರಿ. ದದ್ದು ಹೋದ ಮೇಲೆ ಬೇಕಿದ್ರೆ ಒಂದೇ ಮುಲಾಮು, ತೆಳ್ಳಗೆ, ಒಂದೇ ವಾರ." ಹಾಗೆಯೇ ಮಾಡಿದೆ. ವಾಸಿಯಾಯಿತು.

ಈಗ ಟ್ಯಾಕ್ಸಿ ನಿಲ್ದಾಣದಲ್ಲಿ ನನ್ನ ಗೌರವ ಇಮ್ಮಡಿಸಿದೆ ಎಂದು ಎದೆ ತಟ್ಟಿ ಹೇಳಬಲ್ಲೆ! ಚಾಲಕರು ಒಬ್ಬೊಬ್ಬರಾಗಿ ನನ್ನನ್ನು ಮರೆಗೆ ಕರೆದು ಸಲಹೆ ಕೇಳುತ್ತಾರೆ. "ರಕ್ತ ಬೀಳುತ್ತಾ? ಹಾಗಾದ್ರೆ ಮುಲಾಮು ಮುಟ್ಟಬೇಡ, ಡಾಕ್ಟ್ರ ಹತ್ರ ನಡಿ!" ಎಂದು ನಾನು ಗತ್ತಿನಿಂದ ಅಪ್ಪಣೆ ಕೊಡುತ್ತೇನೆ. ಇಷ್ಟು ದೊಡ್ಡ ಮನುಷ್ಯನಿಗೆ ಒಂದು ಬಿರುದಿಲ್ಲವಲ್ಲ ಎಂಬ ಕೊರಗು ಮಾತ್ರ ಇತ್ತು.

ಮೊನ್ನೆ ಮನೆಗೆ ಫೋನು ಬಂತು. ಓಕ್‌ಬುನ್ ಎತ್ತಿಕೊಂಡು, ಆಲಿಸಿ, ನಗು ತಡೆಯಲಾರದೆ ನನ್ನತ್ತ ಚಾಚಿದಳು.

"ತಗೊಳ್ಳಿ. ಟ್ಯಾಕ್ಸಿ ಸಂಘದಿಂದ. ಮೂಲಪುರುಷರು ಇದ್ದಾರಾ ಅಂತ ಕೇಳ್ತಿದ್ದಾರೆ."