ಗ್ರಿಡ್ಡಿನ ಆರೋಗ್ಯ ವಿಚಾರಿಸಿದ ಶನಿವಾರ

ಪರಮಾಣುವಿಗಿಂತ ಚಿಕ್ಕ ಕಣಗಳು ಡಿಕ್ಕಿ ಹೊಡೆದಾಗ ಏಳುವ ಮಾಹಿತಿಯ ರಾಶಿಯನ್ನು ಸೋಸಲು ಒಂದು ಕಂಪ್ಯೂಟರ್ ಸಾಲದು. ಅದಕ್ಕೆಂದೇ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಕಾಲೇಜುಗಳ ಕಂಪ್ಯೂಟರುಗಳನ್ನು ಜೋಡಿಸಿ, ಕೆಲಸ ಹಂಚಿಕೊಳ್ಳುವ ಗ್ರಿಡ್ ಒಂದನ್ನು ಕಟ್ಟಿದ್ದೆವು. ಮೊಬೈಲು ಆಗಷ್ಟೇ ಎಲ್ಲರ ಜೇಬಿಗೆ ಬರುತ್ತಿದ್ದ ಕಾಲ. ಬಾಗಲಕೋಟೆಯಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ನಾನೇ ಅದರ ಉಸ್ತುವಾರಿ.

ಗ್ರಿಡ್ಡನ್ನು ನಿಜವಾಗಿ ಬಳಸುತ್ತಿದ್ದವರು ನನ್ನ ಸಹೋದ್ಯೋಗಿ ಶಬಾನಾ ಮೇಡಂ ಒಬ್ಬರೇ. ಅವರ ಪಿಎಚ್‌ಡಿ ಈ ಕಣಗಳ ಮೇಲೆಯೇ ಇತ್ತು. ಸೋಮವಾರ ಧಾರವಾಡದಲ್ಲಿ ಮಾರ್ಗದರ್ಶಕರಿಗೆ ಫಲಿತಾಂಶ ತೋರಿಸಬೇಕು. ಭಾನುವಾರ ಕಾಲೇಜುಗಳಿಗೆ ಬೀಗ. ಶನಿವಾರವೇ ಲೆಕ್ಕ ಮುಗಿಯಬೇಕಿತ್ತು.

"ನಡುವ ಯಾವುದರೆ ಮಷಿನ್ ಕೈ ಕೊಟ್ರ ಹೆಂಗ್ರಿ ಸರ?" ಎಂದರು.

"ಅದರ ಚಿಂತಿ ನನಗ ಬಿಡ್ರಿ," ಎಂದೆ.

ಕಂಪ್ಯೂಟರುಗಳನ್ನು ತಾನಾಗಿಯೇ ಪರೀಕ್ಷಿಸುವ ಪ್ರೋಗ್ರಾಂ ಒಂದನ್ನು ಬರೆದೆ. ಅದು ಪ್ರತಿಯೊಂದಕ್ಕೂ ಒಂದು ಪುಟ್ಟ ಲೆಕ್ಕ ಕಳಿಸುತ್ತದೆ. ಉತ್ತರ ಬಂದರೆ ಪರದೆಯ ಮೇಲೆ ಹಸಿರು. ತಡವಾದರೆ ಮತ್ತೊಂದು ಲೆಕ್ಕ ಹೋಗುತ್ತದೆ. ಎಲ್ಲಿಗೆ ನಿಲ್ಲಿಸಬೇಕು ಎಂಬುದನ್ನು ಮಾತ್ರ ನಾನು ಬರೆದಿರಲಿಲ್ಲ.

ಶನಿವಾರ ಬೆಳಿಗ್ಗೆ ಪ್ರೋಗ್ರಾಂ ಶುರುಮಾಡಿದೆ. ಮೇಡಂ ತಮ್ಮ ಕೆಲಸ ಕಳಿಸಿದರು. ಪರದೆಯ ತುಂಬ ಹಸಿರು. ಪ್ರಾಂಶುಪಾಲರನ್ನು ಕರೆತಂದು ತೋರಿಸಿದೆ. ಅವರು ಬಹಳ ಹೊತ್ತು ಹಸಿರನ್ನು ನೋಡಿ, "ಛಲೋ ಐತಿ," ಎಂದು ಹೋದರು.

ಮಧ್ಯಾಹ್ನ ಮೇಡಂ ಬಂದರು. "ನನ್ನ ಕೆಲಸ ಎಲ್ಲಿಗೆ ಬಂತ್ರಿ?"

"ಎಲ್ಲಾ ಹಸಿರು ಐತ್ರಿ ಮೇಡಂ."

"ಹಸಿರು ನನಗೂ ಕಾಣಸ್ತೈತ್ರಿ. ಗ್ರಾಫ್ ಕಾಣವಲ್ದು."

ಆಗ ಗ್ರಿಡ್ಡಿನಲ್ಲಿ ಸರದಿ ಕಾಯುತ್ತಿದ್ದ ಕೆಲಸಗಳ ಸಾಲನ್ನು ತೆರೆದು ನೋಡಿದೆ. ಕಂಪ್ಯೂಟರುಗಳಿಗೆ ಕೆಲಸ ಹೆಚ್ಚಾದಂತೆ ಉತ್ತರ ತಡವಾಗಿದೆ. ತಡವಾದಂತೆ ನನ್ನ ಪ್ರೋಗ್ರಾಂ ಗಾಬರಿಯಿಂದ ಇನ್ನಷ್ಟು ಲೆಕ್ಕ ಕಳಿಸಿದೆ. ಮೇಡಂ ಅವರ ಕೆಲಸ ಎಲ್ಲೋ ಬಾಲದಲ್ಲಿ ನಿಂತಿದೆ. ಬೆಳಗಿನಿಂದ ಇಡೀ ಗ್ರಿಡ್ ಮಾಡಿದ್ದು ಒಂದೇ: ತಾನು ಆರಾಮವಾಗಿದ್ದೇನೆ ಎಂದು ನನಗೆ ಹೇಳಿದ್ದು.

ಪ್ರೋಗ್ರಾಂ ನಿಲ್ಲಿಸಿದೆ. ಸಾಲು ಕರಗಲಿಲ್ಲ. ಆಯಾ ಊರಿನ ಕಾಲೇಜಿನವರೇ ಅದನ್ನು ಅಳಿಸಬೇಕಿತ್ತು. ಶನಿವಾರ ಅರ್ಧ ದಿನ; ಬಾದಾಮಿ, ಹುನಗುಂದದಲ್ಲಿ ಫೋನ್ ಎತ್ತುವವರಿಲ್ಲ. ಇಳಕಲ್ಲಿನ ಪ್ರಯೋಗಾಲಯ ನೋಡಿಕೊಳ್ಳುವ ವಿರೂಪಾಕ್ಷಪ್ಪ ಮಾತ್ರ ಸಿಕ್ಕರು.

"ಬೀಗ ಹಾಕಿ ಬಸ್ಸಿನ್ಯಾಗ ಕುಂತೇನ್ರಿ ಸರ. ಇವತ್ತ ಮಷಿನ್ ಭಾಳ ದುಡದಾವ."

"ಏನು ದುಡದಾವು?"

"ಅದು ನೀವ ಹೇಳಬೇಕ್ರಿ. ಎಲ್ಲಾ ಕೆಲಸದ ಮುಂದ ನಿಮ್ಮ ಹೆಸರ ಐತಿ."

ಪಕ್ಕದಲ್ಲಿ ನಿಂತಿದ್ದ ಮೇಡಂ ಇದನ್ನು ಕೇಳಿಸಿಕೊಂಡರು. ಬೈಯಲಿಲ್ಲ. "ಇರ್ಲಿ ಬಿಡ್ರಿ ಸರ," ಎಂದು ಕುರ್ಚಿಯ ಮೇಲಿನ ಚೀಲ ತೆಗೆದುಕೊಂಡರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಸೋಮವಾರ ಅವರು ಬರಿಗೈಯಲ್ಲಿ ಧಾರವಾಡಕ್ಕೆ ಹೋದರು. ಮಾರ್ಗದರ್ಶಕರು ಒಂದು ತಿಂಗಳ ಅವಕಾಶ ಕೊಟ್ಟರಂತೆ. ಮರುವಾರ ಸಾಲನ್ನೆಲ್ಲ ಅಳಿಸಿ ಮತ್ತೆ ಲೆಕ್ಕಕ್ಕೆ ಕೂರುವಾಗ ಮೇಡಂ ವಿನಯದಿಂದ ಒಂದು ಷರತ್ತು ಹಾಕಿದರು: "ಸರ, ನೀವು ಇವತ್ತ ರಜಾ ಹಾಕ್ತೀರೇನ್ರಿ?"

ಹಾಕಿದೆ. ಸಂಜೆಯೊಳಗೆ ಫಲಿತಾಂಶ ಬಂತು. ಗ್ರಿಡ್ ಹೇಗಿದೆ ಎಂದು ಅವತ್ತು ಯಾರೂ ಕೇಳಿರಲಿಲ್ಲ.